ಮನುಷ್ಯ–ಚಿಂಪಾಂಜಿ ಜೀನೋಮ್ ಹೋಲಿಸಲು ಮೂರು ಪುಕ್ಕಟೆ ತಾಣಗಳು: ಮಂಗಳೂರಿನ ಕಾಲೇಜು ಲ್ಯಾಬಿಗೆ ಯಾವುದು ಹೊಂದುತ್ತದೆ?

ವಿಕಾಸದ ಪಾಠ ಬಂದಾಗಲೆಲ್ಲ "ಚಿಂಪಾಂಜಿಗೂ ನಮಗೂ ಡಿಎನ್‌ಎ ಶೇ. 98.8ರಷ್ಟು ಒಂದೇ" ಎಂಬ ವಾಕ್ಯ ಬೋರ್ಡಿನ ಮೇಲೆ ಬೀಳುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯಿತು. ಆ ಅಂಕಿ ಯಾವುದನ್ನು ಎಣಿಸಿ ಬಂತು, ಯಾವುದನ್ನು ಎಣಿಸದೆ ಬಿಟ್ಟು ಬಂತು ಎನ್ನುವುದನ್ನು ಎರಡು ಪೀರಿಯಡ್‌ನಲ್ಲಿ ಕಣ್ಣೆದುರೇ ತೋರಿಸಬಹುದು. ಅದಕ್ಕೆ ಬೇಕಾಗಿರುವುದು ಇಂಟರ್‌ನೆಟ್ ಇರುವ ಹಳೆ ಡೆಸ್ಕ್‌ಟಾಪ್ ಮಾತ್ರ. ಲೆಕ್ಕ ನಡೆಯುವುದು ದೂರದ ಸರ್ವರಿನಲ್ಲಿ, ಹಾಗಾಗಿ ನಾಲ್ಕು ಜಿಬಿ ಮೆಮೊರಿಯ ಯಂತ್ರವೂ ಸಾಕು.

ಇಲ್ಲಿ ತೂಗಿ ನೋಡಿರುವುದು ಮೂರು ತಾಣಗಳನ್ನು: ಅಮೆರಿಕ ಸರ್ಕಾರದ ಜೈವಿಕ ಮಾಹಿತಿ ಕೇಂದ್ರವಾದ ಎನ್‌ಸಿಬಿಐ ನಡೆಸುವ ಬ್ಲಾಸ್ಟ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯ ಜೀನೋಮ್ ಬ್ರೌಸರ್ (ಜೀನೋಮ್ ಎಂದರೆ ಒಂದು ಜೀವಿಯ ಇಡೀ ಡಿಎನ್‌ಎ), ಇಂಗ್ಲೆಂಡಿನ ಹಿಂಕ್ಸ್‌ಟನ್‌ನಿಂದ ನಡೆಯುವ ಎನ್‌ಸೆಂಬಲ್. ಮೂರಕ್ಕೂ ಹಣವಿಲ್ಲ, ನೋಂದಣಿಯೂ ಬೇಡ. ಅವಸರದವರಿಗೆ ತೀರ್ಪು ಇಲ್ಲೇ: ಬ್ಲಾಸ್ಟ್ ಮೊದಲು, ಸಾಂತಾ ಕ್ರೂಜ್ ಆಮೇಲೆ, ಎನ್‌ಸೆಂಬಲ್ ಹೊತ್ತು ಉಳಿದರೆ. ಮೂರರಲ್ಲಿ ಯಾವುದಕ್ಕೂ ಕನ್ನಡದ ಮುಖವಿಲ್ಲ. ಗುಂಡಿಗಳ ಹೆಸರನ್ನು ಕೆಳಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಪರದೆಯ ಮೇಲೆ ಅವು ಇಂಗ್ಲಿಷಿನಲ್ಲೇ ಇರುತ್ತವೆ.

ಲ್ಯಾಬಿಗೆ ಇಳಿಯುವ ಮುಂಚೆ ಪದವೊಂದನ್ನು ಸರಿಪಡಿಸಬೇಕು, ಇಲ್ಲದಿದ್ದರೆ ಮುಂದಿನದ್ದೆಲ್ಲ ಕಲಸುಮೇಲೋಗರ. ಕರಾವಳಿಯ ತೋಟಗಳಲ್ಲಿ ಎಳನೀರು ಹಾಳುಮಾಡುವ ಮಂಗ, ಕಪ್ಪು ಮೋರೆಯ ಮುಸುವ, ಸೋಮೇಶ್ವರ–ಆಗುಂಬೆ ಕಾಡಿನ ಸಿಂಗಳೀಕ, ಈ ಮೂರೂ ಬಾಲವಿರುವ ಮಂಗಗಳು. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಬೇರೆ ಗುಂಪು, ಬಾಲವಿಲ್ಲದ ವಾನರಗಳು. ಇವುಗಳಲ್ಲಿ ಭಾರತದ ಕಾಡಿನಲ್ಲಿರುವುದು ಈಶಾನ್ಯದ ಗಿಬ್ಬನ್ ಮಾತ್ರ. ಗೊರಿಲ್ಲಾ ನೋಡಬೇಕಾದರೆ ಪಿಲಿಕುಳ ಸಾಲದು, ಮೈಸೂರಿಗೇ ಹೋಗಬೇಕು. ತೋಟದ ಮಂಗನ ವಂಶವೂ ನಮ್ಮದೂ ಬೇರೆಯಾಗಿ ಸುಮಾರು 2.5 ಕೋಟಿ ವರ್ಷ, ಚಿಂಪಾಂಜಿಯದೂ ನಮ್ಮದೂ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷ. ವಾನರಗಳ ಬಾಲ ಹೋದದ್ದರ ಹಿಂದೆ ಟಿಬಿಎಕ್ಸ್‌ಟಿ ಎಂಬ ಜೀನಿನ ನಡುವೆ ನುಸುಳಿದ ಒಂದು ಅಲೂ ತುಣುಕು (ನಕಲಾಗಿ ಜೀನೋಮಿನ ಅಲ್ಲಲ್ಲಿ ಸೇರಿಕೊಳ್ಳುವ ಡಿಎನ್‌ಎ ಚೂರು) ಇದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ತುಣುಕು ವಾನರಗಳಲ್ಲಿದೆ, ನಮ್ಮಲ್ಲೂ ಇದೆ, ಮಂಗಗಳಲ್ಲಿ ಇಲ್ಲ. "ಮಂಗನಿಂದ ಮಾನವ" ಎಂದು ಬೋರ್ಡಿನಲ್ಲಿ ಬರೆಯುವ ಕೈಯನ್ನು ತಡೆಯಲು ಇಷ್ಟು ಸಾಕು.

ಈಗ ಬ್ಲಾಸ್ಟ್.

ಇದು 1990ರಿಂದ ಇರುವ ಕ್ರಮ. ಡಿಎನ್‌ಎ ಅಥವಾ ಪ್ರೋಟೀನಿನ ಘಟಕಗಳನ್ನು ಒಂದೊಂದು ಅಕ್ಷರವಾಗಿ ಬರೆದ ಎರಡು ಅಕ್ಷರಸಾಲುಗಳನ್ನು ಪಕ್ಕಪಕ್ಕ ಹೊಂದಿಸಿ ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ತೋರಿಸುತ್ತದೆ. ಮುಖಪುಟದಲ್ಲಿ 'ಪ್ರೋಟೀನ್ ಬ್ಲಾಸ್ಟ್' ಒತ್ತಿ. ಮೇಲಿನ ಪೆಟ್ಟಿಗೆಯ ಕೆಳಗೆ 'ಅಲೈನ್ ಟು ಆರ್ ಮೋರ್ ಸೀಕ್ವೆನ್ಸಸ್' ಎಂಬ ಸಣ್ಣ ಚೌಕವಿದೆ. ಅದಕ್ಕೆ ಟಿಕ್ ಹಾಕುವುದೇ ಮುಖ್ಯ. ಹಾಕದಿದ್ದರೆ ಅದು ಇಡೀ ಪ್ರೋಟೀನ್ ಭಂಡಾರವನ್ನು ಜಾಲಾಡಲು ಹೊರಡುತ್ತದೆ, ನಿಮಿಷಗಟ್ಟಲೆ ಕಾಯಿಸುತ್ತದೆ, ಕೊನೆಗೆ ನೂರು ಪ್ರಾಣಿಗಳ ಪಟ್ಟಿ ತಂದು ಸುರಿಯುತ್ತದೆ. ಟಿಕ್ ಹಾಕಿದ ಕೂಡಲೇ ಎರಡನೆಯ ಪೆಟ್ಟಿಗೆ ತೆರೆಯುತ್ತದೆ.

ಮೊದಲ ಪೆಟ್ಟಿಗೆಯಲ್ಲಿ ಪಿ99999, ಎರಡನೆಯದರಲ್ಲಿ ಪಿ99998 ಎಂದು ಹಾಕಿ ('ಪಿ' ಇಂಗ್ಲಿಷ್ ದೊಡ್ಡಕ್ಷರ). ಇವು ಭಂಡಾರದಲ್ಲಿ ಪ್ರೋಟೀನುಗಳಿಗೆ ಕೊಟ್ಟ ಗುರುತು ಸಂಖ್ಯೆಗಳು: ಮೊದಲನೆಯದು ಮನುಷ್ಯನ ಸೈಟೋಕ್ರೋಮ್ ಸಿ, ಎರಡನೆಯದು ಚಿಂಪಾಂಜಿಯದು. ಜೀವಕೋಶದ ಉಸಿರಾಟಕ್ಕೆ ಬೇಕಾದ ಪುಟ್ಟ ಪ್ರೋಟೀನ್. ಮೊದಲ ಮೆಥಿಯೋನಿನ್ ಸೇರಿ 105 ಅಮೈನೋ ಆಮ್ಲ. ಫಲಿತಾಂಶ 105ಕ್ಕೆ 105. ಒಂದಕ್ಷರವೂ ಬೇರೆಯಿಲ್ಲ. ಮಕ್ಕಳು ಇಲ್ಲಿ "ಹಾಗಾದರೆ ಬೇರೆ ಏನಿದೆ?" ಎಂದು ಕೇಳಿಯೇ ಕೇಳುತ್ತಾರೆ, ಕೇಳಲಿ. ಆಮೇಲೆ ಎರಡನೆಯ ಪೆಟ್ಟಿಗೆಯಲ್ಲಿ ಉತ್ತರ ಭಾರತದ ರೀಸಸ್ ಮಂಗದ ಸೈಟೋಕ್ರೋಮ್ ಸಿ ಹಾಕಿ. 105ಕ್ಕೆ 104 ಬರುತ್ತದೆ. 59ನೇ ಸ್ಥಾನದಲ್ಲಿ ನಮ್ಮದು ಐಸೋಲ್ಯೂಸಿನ್, ಮಂಗದ್ದು ಥ್ರಿಯೋನಿನ್. ಹಳೆಯ ಪುಸ್ತಕಗಳು ಇದನ್ನೇ 58 ಎನ್ನುತ್ತವೆ, ಅವು ಮೊದಲ ಮೆಥಿಯೋನಿನ್ ಎಣಿಸುವುದಿಲ್ಲ. ಈ ಒಂದರ ವ್ಯತ್ಯಾಸಕ್ಕೆ ರೆಕಾರ್ಡ್ ಬುಕ್ಕಿನಲ್ಲಿ ಕೆಂಪು ಗೆರೆ ಎಳೆಯುವ ಮುನ್ನ ಯಾವ ಎಣಿಕೆ ಎಂದು ನೋಡಬೇಕು.

ಮುಂದಿನದು ಹಿಮೋಗ್ಲೋಬಿನ್ ಬೀಟಾ ಸರಪಳಿ. ಮನುಷ್ಯ ಪಿ68871, ಚಿಂಪಾಂಜಿ ಪಿ68873, ಗೊರಿಲ್ಲಾ ಪಿ02024. ಚಿಂಪಾಂಜಿಯೊಂದಿಗೆ 147ಕ್ಕೆ 147. ಗೊರಿಲ್ಲಾದೊಂದಿಗೆ 146, ಅಂದರೆ ಶೇ. 99.32. ಬೇರೆಯಾಗಿರುವ ಒಂದು ಜಾಗದಲ್ಲಿ ನಮ್ಮದು ಆರ್ಜಿನಿನ್, ಗೊರಿಲ್ಲಾದ್ದು ಲೈಸಿನ್. ಬ್ಲಾಸ್ಟ್ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಯಾಕೆಂದರೆ ಫಲಿತಾಂಶದಲ್ಲಿ ಎರಡು ಸಾಲು ಒಂದಕ್ಕೊಂದು ವಿರುದ್ಧ ಹೇಳುವಂತೆ ಕಾಣುತ್ತದೆ: 'ಐಡೆಂಟಿಟೀಸ್' 146/147, 'ಪಾಸಿಟಿವ್ಸ್' 147/147. ಆರ್ಜಿನಿನ್ ಮತ್ತು ಲೈಸಿನ್ ಎರಡೂ ಧನ ಆವೇಶದವು, ಒಂದರ ಬದಲು ಇನ್ನೊಂದು ಬಂದರೆ ಪ್ರೋಟೀನಿಗೆ ಹೆಚ್ಚು ಬಾಧೆಯಿಲ್ಲ ಎಂದು ಅಂಕ ಕೊಡುವ ಕೋಷ್ಟಕ ಬಗೆಯುತ್ತದೆ. ಹಾಗಾಗಿ ನಡುವಿನ ಸಾಲಿನಲ್ಲಿ ಅಧಿಕ ಚಿಹ್ನೆ ಬೀಳುತ್ತದೆ. ಸೈಟೋಕ್ರೋಮ್ ಸಿಯಲ್ಲಿ ಐಸೋಲ್ಯೂಸಿನ್ ಜಾಗಕ್ಕೆ ಥ್ರಿಯೋನಿನ್ ಬಂದ ಕಡೆ ಬರೀ ಖಾಲಿ. ವಿದ್ಯಾರ್ಥಿ 'ಪಾಸಿಟಿವ್ಸ್' ನೋಡಿ "ಗೊರಿಲ್ಲಾ ನೂರಕ್ಕೆ ನೂರು" ಎಂದು ಬರೆದರೆ ಅದು ಅವನ ಉದಾಸೀನವಲ್ಲ, ಪುಟ ಆ ಎರಡನ್ನೂ ಅಕ್ಕಪಕ್ಕ ಒಂದೇ ಗಾತ್ರದಲ್ಲಿ ಅಚ್ಚುಹಾಕಿರುವ ದೋಷ.

ಫಾಕ್ಸ್‌ಪಿ2 ಹೆಸರು ಪತ್ರಿಕೆಗಳಲ್ಲಿ "ಮಾತಿನ ಜೀನ್" ಎಂದು ಮೆರೆಯುತ್ತದೆ. ಅದನ್ನೂ ನೋಡಿಬಿಡುವುದು ಒಳ್ಳೆಯದು. ಮನುಷ್ಯನದು ಒ15409, ಚಿಂಪಾಂಜಿಯದು ಕ್ಯೂ8ಎಂಜೆಎ0 (ಕೊನೆಯದು ಸೊನ್ನೆ, 'ಒ' ಅಕ್ಷರವಲ್ಲ, ಮೊದಲನೆಯದರ ಆರಂಭದಲ್ಲಿರುವುದು 'ಒ' ಅಕ್ಷರ, ಸೊನ್ನೆಯಲ್ಲ. ಅರ್ಧ ತರಗತಿ ಇಲ್ಲೇ ಎಡವುತ್ತದೆ). ಮನುಷ್ಯನ 715 ಅಮೈನೋ ಆಮ್ಲಗಳ ಸಾಲಿನಲ್ಲಿ ಹುಡುಕಬೇಕಾದ ಜಾಗ ಎರಡು: 303 ಮತ್ತು 325. 303ರಲ್ಲಿ ನಮ್ಮದು ಆಸ್ಪರಾಜಿನ್, ಚಿಂಪಾಂಜಿಯದು ಥ್ರಿಯೋನಿನ್. 325ರಲ್ಲಿ ನಮ್ಮದು ಸೆರಿನ್, ಚಿಂಪಾಂಜಿಯದು ಆಸ್ಪರಾಜಿನ್. ಇದರ ಜೊತೆಗೆ ಗ್ಲುಟಮಿನ್ ಒಂದೇ ಸಮನೆ ಪೋಣಿಸಿಕೊಂಡಿರುವ ಉದ್ದದ ಭಾಗದಲ್ಲಿ ಕಿರುಗೆರೆ ಕಾಣಬಹುದು. ಅಂಥ ಪುನರಾವರ್ತನೆಯ ಉದ್ದ ಸುಲಭವಾಗಿ ಹೆಚ್ಚುಕಡಿಮೆ ಆಗುತ್ತದೆ, ಅದನ್ನು ಈ ಎರಡರ ಸಾಲಿಗೆ ಸೇರಿಸಬೇಡಿ. ಸ್ಥಾನ ಎಣಿಸುವಾಗ ಮನುಷ್ಯನ ಸಾಲಿನ ಸಂಖ್ಯೆಯನ್ನೇ ಹಿಡಿಯಿರಿ. ಈ ಜೀನಿಗೆ ಹಲವು ರೂಪಗಳು ದಾಖಲಾಗಿವೆ. 715 ಅಲ್ಲದ ರೂಪವನ್ನು ಆರಿಸಿದರೆ 303 ಎಂಬುದು ಎಲ್ಲೋ ಜಾರಿ ಹೋಗಿರುತ್ತದೆ. ಇನ್ನು, ಈ ಎರಡು ಬದಲಾವಣೆಯಿಂದಲೇ ಮಾತು ಬಂತು ಎಂದು ಯಾರೂ ಬರೆಯದಿರಲಿ. ನಿಯಾಂಡರ್ತಾಲರಲ್ಲೂ ಇವೆರಡೂ ಇದ್ದವು.

ಮೂರನೆಯ ಅಭ್ಯಾಸ ಮೈಟೊಕಾಂಡ್ರಿಯದ ಡಿಎನ್‌ಎ. ಇಲ್ಲಿ ಬ್ಲಾಸ್ಟ್ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ. 'ನ್ಯೂಕ್ಲಿಯೊಟೈಡ್ ಬ್ಲಾಸ್ಟ್'ಗೆ ಹೋಗಿ ಮನುಷ್ಯನ ಎನ್‌ಸಿ_012920 ಮತ್ತು ಚಿಂಪಾಂಜಿಯ ಎನ್‌ಸಿ_001643 ಹಾಕಿ. 16,569 ಅಕ್ಷರಕ್ಕೆ ಎದುರಾಗಿ 16,554 ಅಕ್ಷರ. ಸಾಮ್ಯ ಶೇ. 91ರ ಆಸುಪಾಸು. 98.8 ಎಲ್ಲಿ ಹೋಯಿತು? ಮೈಟೊಕಾಂಡ್ರಿಯದಲ್ಲಿ ರೂಪಾಂತರಗಳು ಕೋಶಕೇಂದ್ರದ ಡಿಎನ್‌ಎಗಿಂತ ಬಹಳ ಬೇಗ ಕೂಡುತ್ತವೆ. ಅಷ್ಟೇ ವರ್ಷಗಳಲ್ಲಿ ಹೆಚ್ಚು ಅಂತರ. ಒಂದೇ ಜೋಡಿ ಪ್ರಾಣಿಗಳಿಂದ 100 ಬಂತು, 91 ಬಂತು. ಯಾವ ಅಂಗಡಿಯ ತಕ್ಕಡಿ ಎಂದು ಕೇಳದೆ ತೂಕ ಒಪ್ಪಬಾರದು ಎಂಬುದು ಇಲ್ಲಿ ತಾನಾಗಿ ಮನಸ್ಸಿಗೆ ಇಳಿಯುತ್ತದೆ.

ಈ ಅಭ್ಯಾಸದಲ್ಲಿ ತಪ್ಪುವುದು ಒಂದೇ ಕಡೆ. ಮೈಟೊಕಾಂಡ್ರಿಯದ ಡಿಎನ್‌ಎ ಬಳೆಯಂತೆ ದುಂಡಗಿದೆ, ಕಡತದಲ್ಲಿಡಲು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಎರಡು ಕಡತಗಳಲ್ಲಿ ಕತ್ತರಿಸಿದ ಜಾಗ ಬೇರೆ ಬೇರೆ. ಆದ್ದರಿಂದ ಫಲಿತಾಂಶ ಒಂದು ಉದ್ದನೆಯ ತುಂಡು ಮತ್ತು ಚಿಕ್ಕ ತುಂಡುಗಳಾಗಿ ಬರುತ್ತದೆ. ಚಿಕ್ಕದು "ಕಳೆದುಹೋದ ಭಾಗ" ಅಲ್ಲ. 'ಕ್ವೆರಿ ಕವರ್' ಎಂಬ ಕಂಬವನ್ನು ನೋಡದೆ 'ಪರ್ಸೆಂಟ್ ಐಡೆಂಟಿಟಿ' ಒಂದನ್ನೇ ಬರೆದುಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು. ಹೊಂದಿಕೊಂಡ ಭಾಗದೊಳಗೆ ಎಷ್ಟು ಒಂದೇ ಎಂದಷ್ಟೇ ಎರಡನೆಯದು ಹೇಳುತ್ತದೆ. ಹೊಂದಿಕೊಳ್ಳದೆ ಹೊರಗುಳಿದದ್ದು ಎಷ್ಟು ಎಂಬುದು ಮೊದಲನೆಯದರಲ್ಲಿದೆ.

ಬ್ಲಾಸ್ಟ್‌ನ ದೊಡ್ಡ ತೊಡಕು ತಾಂತ್ರಿಕವಲ್ಲ, ಸಂತೆಯದು. ಒಂದೇ ಇಂಟರ್‌ನೆಟ್ ವಿಳಾಸದಿಂದ 24 ಗಂಟೆಯಲ್ಲಿ 100ಕ್ಕಿಂತ ಹೆಚ್ಚು ಹುಡುಕಾಟ ಬಂದರೆ ಆ ವಿಳಾಸವನ್ನು ನಿಧಾನದ ಸಾಲಿಗೆ ತಳ್ಳುತ್ತೇವೆ ಎಂದು ಎನ್‌ಸಿಬಿಐ ಮೊದಲೇ ಹೇಳಿದೆ. ಕಾಲೇಜಿನ ಮೂವತ್ತು ಕಂಪ್ಯೂಟರ್ ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ವಿಳಾಸ. ತಲಾ ನಾಲ್ಕು ಹುಡುಕಾಟ ಮಾಡಿದರೆ 120 ದಾಟಿತು. ಪರಿಹಾರ, ಮೂವರಿಗೊಂದು ಯಂತ್ರ. ಸಮಯದಲ್ಲಿ ಮಾತ್ರ ನಮಗೆ ಲಾಭವಿದೆ: ಹೆಚ್ಚು ಕೆಲಸವಿದ್ದರೆ ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9ರಿಂದ ಬೆಳಗ್ಗೆ 5ರೊಳಗೆ ಮಾಡಿ ಎನ್ನುತ್ತಾರೆ. ಅದು ಮಂಗಳೂರಿನ ಬೆಳಗ್ಗೆ 6:30ರಿಂದ ಮಧ್ಯಾಹ್ನ 2:30, ಅವರ ಚಳಿಗಾಲದಲ್ಲಿ ಒಂದು ಗಂಟೆ ತಡ. ಅಂದರೆ ಇಲ್ಲಿಯ ಮುಕ್ಕಾಲು ಪಾಲು ತರಗತಿ ಅವರ ನಿದ್ದೆಯ ಹೊತ್ತಿಗೇ ಬೀಳುತ್ತದೆ. ಪ್ರಾಯೋಗಿಕವನ್ನು ಸಂಜೆ 4ಕ್ಕೆ ಇಟ್ಟುಕೊಳ್ಳಬೇಡಿ. ಪ್ರತಿ ಹುಡುಕಾಟಕ್ಕೂ ಒಂದು ಗುರುತು ಸಂಖ್ಯೆ ಕೊಡುತ್ತದೆ, ಅದು 36 ಗಂಟೆ ಬದುಕಿರುತ್ತದೆ. ಶುಕ್ರವಾರ ಮಾಡಿದ್ದನ್ನು ಸೋಮವಾರ ತೆರೆಯಲು ಆಗುವುದಿಲ್ಲ, ಆಗಲೇ ಪ್ರಿಂಟ್ ತೆಗೆದಿಡಿ.

ಸಾಂತಾ ಕ್ರೂಜ್ ಬ್ರೌಸರ್ ಬೇರೆಯೇ ಬಗೆಯದು. ಬ್ಲಾಸ್ಟ್ ಎರಡು ವಾಕ್ಯಗಳನ್ನು ಹೋಲಿಸಿದರೆ ಇದು ಇಡೀ ಗ್ರಂಥವನ್ನು ಬಿಡಿಸಿ ಇಡುತ್ತದೆ. ಮೊದಲ ನೋಟಕ್ಕೆ ಹೆದರಿಸುತ್ತದೆ: ಹತ್ತಾರು ಬಣ್ಣದ ಪಟ್ಟಿಗಳು, ಕೆಳಗೆ ನೂರಾರು ಆಯ್ಕೆಗಳು. 'ಹೈಡ್ ಆಲ್' ಒತ್ತಿ ಎಲ್ಲವನ್ನೂ ಮುಚ್ಚಿ, ಜೀನ್‌ಗಳ ಪಟ್ಟಿ ಮತ್ತು 'ಕನ್ಸರ್ವೇಷನ್' ಪಟ್ಟಿ ಎರಡನ್ನೇ ತೆರೆದುಕೊಂಡರೆ ಉಸಿರಾಡಬಹುದು. ಏಷ್ಯಾದವರಿಗೆಂದು ಜಪಾನಿನಲ್ಲಿ ಇದರ ಪ್ರತಿಯೊಂದನ್ನು ಇಟ್ಟಿದ್ದಾರೆ. ಇಲ್ಲಿಂದ ಅದನ್ನು ಬಳಸುವುದೇ ಜಾಣತನ. ಮೊಬೈಲಿನಲ್ಲಿ ಇದನ್ನು ತೆರೆಯಲು ಹೋಗಬೇಡಿ.

ಇಲ್ಲಿ ನೋಡಲೇಬೇಕಾದದ್ದು ಎರಡನೇ ಕ್ರೋಮೋಸೋಮ್. ನಮಗೆ 46, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48. ಆ ಒಂದು ಜೊತೆ ಎಲ್ಲಿಗೂ ಹೋಗಿಲ್ಲ. ವಾನರಗಳಲ್ಲಿ ಎರಡಾಗಿ ಉಳಿದಿರುವ ಕ್ರೋಮೋಸೋಮ್‌ಗಳು ನಮ್ಮ ವಂಶದಲ್ಲಿ ತುದಿಗೆ ತುದಿ ಬೆಸೆದುಕೊಂಡಿವೆ. ಬೆಸುಗೆಯ ಜಾಗವನ್ನು 1991ರಲ್ಲಿ ಗುರುತಿಸಿದರು. ಹೀಗೆ ನೋಡಿ: ಮನುಷ್ಯನ ಜೀನೋಮಿನ ಎಚ್‌ಜಿ38 ಎಂಬ ಆವೃತ್ತಿ ಆರಿಸಿ, ಹುಡುಕುವ ಪೆಟ್ಟಿಗೆಯಲ್ಲಿ ಸಿಎಚ್‌ಆರ್2:113,602,000-113,604,000 ಎಂದು ಹಾಕಿ. ಮೇಲಿನ 'ವ್ಯೂ' ಪಟ್ಟಿಯಿಂದ 'ಡಿಎನ್‌ಎ' ಆರಿಸಿದರೆ ಎರಡು ಸಾವಿರ ಅಕ್ಷರ ಬರುತ್ತವೆ. ಅದನ್ನು ನೋಟ್‌ಪ್ಯಾಡಿಗೆ ಹಾಕಿ ಓದುತ್ತ ಹೋದರೆ ಟಿಟಿಎಜಿಜಿಜಿ, ಟಿಟಿಎಜಿಜಿಜಿ ಎಂಬ ಸರ ಕಾಣುತ್ತದೆ. ಕ್ರೋಮೋಸೋಮಿನ ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಗುರುತು ಅದು. ಒಂದು ಕಡೆ ಅದು ಥಟ್ಟನೆ ತಿರುಗಿ ಸಿಸಿಸಿಟಿಎಎ, ಸಿಸಿಸಿಟಿಎಎ ಆಗುತ್ತದೆ. ಎರಡು ಸೀರೆಗಳ ಅಂಚು ಸೇರಿಸಿ ಹೊಲಿದರೆ ನಡುವೆ ಅಂಚಿಗೆ ಅಂಚು ಎದುರಾಗುವ ಹಾಗೆ. ಸರ ಶುದ್ಧವಾಗಿಲ್ಲ, ನಡುನಡುವೆ ಅಕ್ಷರ ಕೆಟ್ಟಿರುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಸವೆದದ್ದು ಅದು. ನೋಟ್‌ಪ್ಯಾಡಿನ 'ಫೈಂಡ್'ನಲ್ಲಿ ಪೂರ್ತಿ ಸರ ಹುಡುಕಿದರೆ ಸಿಗುವುದಿಲ್ಲ, ಆರಕ್ಷರದ ಒಂದೇ ಘಟಕ ಹುಡುಕಿ. ಸಾಲು ಮುರಿದ ಕಡೆ ಬಿದ್ದ ಘಟಕವನ್ನು 'ಫೈಂಡ್' ಹಿಡಿಯುವುದಿಲ್ಲ ಎಂಬುದೂ ನೆನಪಿರಲಿ.

ಇದೇ ತುಂಡನ್ನು ಬ್ಲಾಸ್ಟ್‌ಗೆ ಹಾಕಿದವರಿಗೆ ನಿರಾಸೆ ಕಾದಿದೆ. ಬ್ಲಾಸ್ಟ್‌ನ ನ್ಯೂಕ್ಲಿಯೊಟೈಡ್ ಹುಡುಕಾಟದಲ್ಲಿ ಒಂದೇ ರಾಗದ ಪುನರಾವರ್ತನೆಗಳನ್ನು ಮುಚ್ಚಿಹಾಕುವ ಶೋಧಕವೊಂದು ಮೊದಲೇ ಚಾಲೂ ಇರುತ್ತದೆ. ನಾವು ನೋಡಬೇಕೆಂದಿರುವುದನ್ನೇ ಅದು ಕಸವೆಂದು ಬದಿಗೆ ಸರಿಸುತ್ತದೆ. ಕೆಳಗಿನ 'ಆಲ್ಗರಿದಮ್ ಪ್ಯಾರಾಮೀಟರ್ಸ್' ತೆರೆದು 'ಲೋ ಕಾಂಪ್ಲೆಕ್ಸಿಟಿ' ಟಿಕ್ ತೆಗೆಯಬೇಕು.

ಬೆಸುಗೆಯನ್ನು ಚಿಂಪಾಂಜಿಯ ಕಡೆಯಿಂದ ಖಚಿತಪಡಿಸಲು ಬೆಸುಗೆಯ ತುಂಡನ್ನೇ ಅಲ್ಲಿಗೆ ವರ್ಗಾಯಿಸಲು ಹೋಗಬೇಡಿ. ಕ್ರೋಮೋಸೋಮ್ ತುದಿಯ ಹತ್ತಿರದ ಭಾಗಗಳ ನಕಲುಗಳು ಬೇರೆ ಕ್ರೋಮೋಸೋಮ್‌ಗಳಲ್ಲೂ ಚೆಲ್ಲಿರುವುದರಿಂದ ಉತ್ತರ ಎಲ್ಲೆಲ್ಲಿಗೋ ಒಯ್ಯುತ್ತದೆ. ಬೆಸುಗೆಯ ಎರಡು ಬದಿಯ ಜೀನ್ ಹಿಡಿಯುವುದೇ ಸುಲಭ. ಮನುಷ್ಯನಲ್ಲಿ ಪ್ಯಾಕ್ಸ್8 ಬೆಸುಗೆಯ ಒಂದು ಬದಿ, ಡಿಪಿಪಿ10 ಇನ್ನೊಂದು ಬದಿ, ಎರಡೂ ಒಂದೇ ಕ್ರೋಮೋಸೋಮ್. ಆವೃತ್ತಿಯನ್ನು ಚಿಂಪಾಂಜಿಯ ಪ್ಯಾನ್‌ಟ್ರೋ6ಕ್ಕೆ ಬದಲಿಸಿ ಅವೇ ಹೆಸರು ಹುಡುಕಿ: ಮೊದಲನೆಯದು 2ಎ ಕ್ರೋಮೋಸೋಮಿನಲ್ಲಿ, ಎರಡನೆಯದು 2ಬಿಯಲ್ಲಿ. ಬೆಸೆದ ಕ್ರೋಮೋಸೋಮಿಗೆ ಎರಡು ಸೆಂಟ್ರೊಮಿಯರ್ (ಕೋಶ ಒಡೆಯುವಾಗ ಕ್ರೋಮೋಸೋಮನ್ನು ಎಳೆಯಲು ಹಿಡಿಯುವ ಜಾಗ) ಇರಬೇಕಿತ್ತಲ್ಲ ಎಂದು ಕೇಳುವ ಹುಡುಗಿ ತರಗತಿಯಲ್ಲಿ ಒಬ್ಬಳಾದರೂ ಇರುತ್ತಾಳೆ. ಎರಡನೆಯದರ ಪಳೆಯುಳಿಕೆ ಎರಡನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ 2ಕ್ಯೂ21 ಎಂಬ ಜಾಗದ ಹತ್ತಿರ ಇದೆ, ಅದು ಕೆಲಸ ನಿಲ್ಲಿಸಿದೆ. ಹಾಗೆಂದು ಸಂಖ್ಯೆಯಿಂದ ನೆಂಟಸ್ತಿಕೆ ಅಳೆಯಬಾರದು. ನಮ್ಮ ತೋಟದ ಮಂಗಕ್ಕೆ 42.

ಬೆಸುಗೆಯಲ್ಲದೆ ಮನುಷ್ಯ–ಚಿಂಪಾಂಜಿ ನಡುವೆ ಒಂಬತ್ತು ಕ್ರೋಮೋಸೋಮ್‌ಗಳಲ್ಲಿ ಸೆಂಟ್ರೊಮಿಯರ್ ಸೇರಿದ ದೊಡ್ಡ ತುಂಡು ತಲೆಕೆಳಗಾಗಿ ಕೂತಿದೆ. ಅವನ್ನು ಬ್ರೌಸರಿನ 'ನೆಟ್' ಪಟ್ಟಿಯಲ್ಲಿ ಬಾಣದ ದಿಕ್ಕು ನೋಡಿ ಗುರುತಿಸಬಹುದು, ಆದರೆ ಪಿಯುಸಿಯವರಿಗೆ ಅದು ಅತಿಯಾಯಿತು.

ಎಚ್‌ಎಆರ್1 ಮಾತ್ರ ಬಿಡಬೇಡಿ. ಹುಡುಕುವ ಪೆಟ್ಟಿಗೆಯಲ್ಲಿ ಎಚ್‌ಎಆರ್1ಎ ಎಂದು ಹಾಕಿದರೆ 20ನೇ ಕ್ರೋಮೋಸೋಮಿನ ತುದಿಗೆ ಹೋಗುತ್ತದೆ. 118 ಅಕ್ಷರದ ಒಂದು ಚೂರು. ಕೋಳಿಗೂ ಚಿಂಪಾಂಜಿಗೂ ನಡುವೆ ಇದರಲ್ಲಿ ಎರಡೇ ಅಕ್ಷರ ಬೇರೆ, ಮೂವತ್ತು ಕೋಟಿ ವರ್ಷದ ಅಂತರದಲ್ಲಿ. ಚಿಂಪಾಂಜಿಗೂ ನಮಗೂ ನಡುವೆ 18. ಮೆದುಳು ಬೆಳೆಯುವ ಹೊತ್ತಿನಲ್ಲಿ ಕೆಲಸ ಮಾಡುವ ಆರ್‌ಎನ್‌ಎಯ ಭಾಗ ಇದು. 2006ರಲ್ಲಿ ಕ್ಯಾಥರಿನ್ ಪೊಲಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 'ಕನ್ಸರ್ವೇಷನ್' ಪಟ್ಟಿಯಲ್ಲಿ ಅಕ್ಷರ ಕಾಣಬೇಕಾದರೆ ನೂರಿನ್ನೂರು ಅಕ್ಷರದಷ್ಟು ಹತ್ತಿರಕ್ಕೆ ಹೋಗಬೇಕು. ದೂರದಿಂದ ಬರೀ ಬಣ್ಣದ ಗುಡ್ಡಗಳು. ಪಟ್ಟಿಯ ಸೆಟ್ಟಿಂಗಿನಲ್ಲಿ ಒಂದೇ ಆಗಿರುವ ಅಕ್ಷರಗಳನ್ನು ಚುಕ್ಕಿಯಾಗಿ ತೋರಿಸುವ ಆಯ್ಕೆ ಹಾಕಿಕೊಂಡರೆ ಬೇರೆಯಾದವು ಮಾತ್ರ ಎದ್ದು ಕಾಣುತ್ತವೆ, ಎಣಿಸಲು ಸಲೀಸು.

ಕರಾವಳಿಯ ತರಗತಿಗೆ ಹೇಳಿ ಮಾಡಿಸಿದ ಇನ್ನೊಂದು ಜೀನ್ ಯುಒಎಕ್ಸ್. ಬೂತಾಯಿ, ಬಂಗುಡೆ ಹೆಚ್ಚು ತಿಂದು, ಯೂರಿಕ್ ಆಮ್ಲ ಏರಿ ಹೆಬ್ಬೆರಳು ಊದಿಸಿಕೊಂಡ ಹಿರಿಯರು ಇಲ್ಲಿಯ ಎಷ್ಟೋ ಮನೆಗಳಲ್ಲಿ ಇರುತ್ತಾರೆ. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವವನ್ನು ಮಾಡಬೇಕಾದ ಜೀನ್ ಇದು, ನಮ್ಮಲ್ಲಿ ಸತ್ತಿದೆ. 33ನೇ ಕೋಡಾನ್‌ನಲ್ಲಿ (ಕೋಡಾನ್ ಎಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರ) ಸಿಜಿಎ ಇದ್ದದ್ದು ಟಿಜಿಎ ಆಗಿ, ಅಂದರೆ 'ನಿಲ್ಲು' ಎಂಬ ಸಂಕೇತವಾಗಿ ಬದಲಾಗಿದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ನಲ್ಲೂ ಅದೇ ಜಾಗದಲ್ಲಿ ಅದೇ ಮುರುಕು. ಮಂಗಗಳಲ್ಲಿ ಜೀನ್ ಇನ್ನೂ ನಡೆಯುತ್ತಿದೆ. ನಾಲ್ಕು ಜನ ಉತ್ತರಪತ್ರಿಕೆಯಲ್ಲಿ ಒಂದೇ ಕಾಗುಣಿತದ ತಪ್ಪನ್ನು ಒಂದೇ ಪದದಲ್ಲಿ ಮಾಡಿದರೆ ಮೇಲ್ವಿಚಾರಕರು ಏನು ತೀರ್ಮಾನಿಸುತ್ತಾರೋ ಅದೇ ಇಲ್ಲಿಯೂ. ಒಂದೇ ಇರುವ ಒಳ್ಳೆಯ ಪ್ರೋಟೀನಿಗಿಂತ ಹಂಚಿಕೊಂಡ ಕೆಟ್ಟ ಜೀನ್ ದೊಡ್ಡ ಸಾಕ್ಷಿ. ಜೀನಿನ ಬಾಣಗಳು ಎಡಕ್ಕೆ ಮುಖ ಮಾಡಿದ್ದರೆ 'ರಿವರ್ಸ್' ಒತ್ತಿಯೇ ಕೋಡಾನ್ ಓದಬೇಕು, ಇಲ್ಲದಿದ್ದರೆ ಉಲ್ಟಾ ಎಳೆ ಓದಿ ಟಿಜಿಎ ಎಲ್ಲಿದೆ ಎಂದು ಹುಡುಕುತ್ತಾ ಪೀರಿಯಡ್ ಮುಗಿಯುತ್ತದೆ.

ಎನ್‌ಸೆಂಬಲ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪುಟ ಅಚ್ಚುಕಟ್ಟು, ತೆರೆಯುವುದು ನಿಧಾನ. ಇದರ ಉಪಯೋಗ 'ಆರ್ಥಲಾಗ್ಸ್' ಪಟ್ಟಿ: ಒಂದು ಜೀನಿಗೆ ಬೇರೆ ಪ್ರಾಣಿಗಳಲ್ಲಿ ಜೋಡಿ ಇದೆಯೇ, ಎಷ್ಟಿವೆ ಎಂದು ಒಂದೇ ಕೋಷ್ಟಕದಲ್ಲಿ ಕೊಡುತ್ತದೆ. ಇಲಿಯ ಗ್ಯುಲೊ ಜೀನಿನಿಂದ ಆರಂಭಿಸಿ. ವಿಟಮಿನ್ ಸಿ ತಯಾರಿಯ ಕೊನೆಯ ಹಂತದ ಕಿಣ್ವ ಅದರದು. ಇಲಿಯಲ್ಲಿ ನಡೆಯುತ್ತದೆ, ಲೆಮೂರ್‌ಗಳಲ್ಲೂ ನಡೆಯುತ್ತದೆ. ನಮ್ಮಲ್ಲಿ, ವಾನರಗಳಲ್ಲಿ, ಮಂಗಗಳಲ್ಲಿ ಮುರಿದಿದೆ. ಹಾಗಾಗಿ ನೆಲ್ಲಿಕಾಯಿ, ಬಿಂಬುಳಿ, ಪೇರಳೆ ತಿಂದೇ ಬದುಕಬೇಕು.

ಅಮೈಲೇಸ್ ಎಂಬ ಎಂಜಲಿನ ಕಿಣ್ವಕ್ಕೂ ಇದೇ ಪಟ್ಟಿ ಬೇಕು. ಎಚ್‌ಜಿ38ರಲ್ಲಿ ಎಎಂವೈ1 ಜೀನಿನ ಎ, ಬಿ, ಸಿ ಎಂಬ ಮೂರು ಪ್ರತಿಗಳಿವೆ, ಚಿಂಪಾಂಜಿಯಲ್ಲಿ ಒಂದು. ಪಿಷ್ಟ ಹೆಚ್ಚು ತಿನ್ನುವ ಜನಸಮುದಾಯಗಳಲ್ಲಿ ಪ್ರತಿಗಳು ಸರಾಸರಿ ಹೆಚ್ಚೆಂದು 2007ರ ಅಧ್ಯಯನ ತೋರಿಸಿತು. ಕುಚಲಕ್ಕಿ ಗಂಜಿಯ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಬ್ಲಾಸ್ಟ್‌ನಲ್ಲಿ ಎರಡು ಅಮೈಲೇಸ್ ಹೋಲಿಸಿದರೆ ಪ್ರತಿಗಳ ಸಂಖ್ಯೆ ಕಾಣುವುದೇ ಇಲ್ಲ. ಅಕ್ಷರ ಒಂದೇ, ಪುಸ್ತಕ ಎಷ್ಟು ಎಂಬುದು ಬೇರೆ ಪ್ರಶ್ನೆ.

ಈಗ ಆ 98.8ಕ್ಕೆ ಬರೋಣ. 2005ರ ಸೆಪ್ಟೆಂಬರಿನಲ್ಲಿ ಕ್ಲಿಂಟ್ ಎಂಬ ಚಿಂಪಾಂಜಿಯ ಜೀನೋಮ್ ಪ್ರಕಟವಾದಾಗ ಬಂದ ಅಂಕಿ ಅದು: ಹೊಂದಿಸಲು ಸಾಧ್ಯವಾದ ಭಾಗಗಳಲ್ಲಿ ಒಂಟಿ ಅಕ್ಷರದ ವ್ಯತ್ಯಾಸ ಶೇ. 1.23, ಒಟ್ಟು ಸುಮಾರು 3.5 ಕೋಟಿ. ಇದರ ಹೊರಗೆ ಸುಮಾರು 50 ಲಕ್ಷ ಕಡೆ ಅಕ್ಷರ ಸೇರಿಕೆಯೋ ಕಳಚಿಕೆಯೋ ಇದೆ. ಪ್ರಸಂಗಗಳ ಲೆಕ್ಕದಲ್ಲಿ ಅವು ಕಡಿಮೆ, ಉದ್ದದ ಲೆಕ್ಕದಲ್ಲಿ ಜೀನೋಮಿನ ಇನ್ನೊಂದು ಶೇ. 3ರಷ್ಟನ್ನು ಬೇರೆ ಮಾಡುತ್ತವೆ. ಎರಡೂ ಕೂಡಿಸಿದರೆ 96ರ ಹತ್ತಿರ. ಪ್ರೋಟೀನುಗಳಲ್ಲಿ ಶೇ. 29 ಅಕ್ಷರಶಃ ಒಂದೇ. 2025ರಲ್ಲಿ ಆರು ವಾನರ ಜಾತಿಗಳ ಜೀನೋಮುಗಳನ್ನು ಸಂಪೂರ್ಣವಾಗಿ ಓದಿ ಪ್ರಕಟಿಸಿದಾಗ ವಾನರ ಜೀನೋಮುಗಳನ್ನು ಪರಸ್ಪರ ಹೋಲಿಸಿದರೆ ಶೇ. 12.5ರಿಂದ 27.3ರಷ್ಟು ಭಾಗ ಒಂದಕ್ಕೊಂದು ನೇರವಾಗಿ ಹೊಂದಿಕೊಳ್ಳುವುದಿಲ್ಲ ಎಂದು ಕಂಡಿತು. ಇದನ್ನು ಹಿಡಿದು "98.8 ಸುಳ್ಳಂತೆ" ಎಂಬ ಸಂದೇಶಗಳು ವಾಟ್ಸ್ಯಾಪ್‌ನಲ್ಲಿ ಓಡಾಡಿದರೆ ಗಾಬರಿಯಾಗಬೇಕಿಲ್ಲ. ಹೊಂದಿಕೊಳ್ಳದ ಭಾಗ ಹೆಚ್ಚಾಗಿ ಸೆಂಟ್ರೊಮಿಯರ್, ಕ್ರೋಮೋಸೋಮ್ ತುದಿ, ನಕಲು ಮೇಲೆ ನಕಲು ಬಿದ್ದ ಜಾಗಗಳು. ಅಂಥ ಕಡೆ ಇಬ್ಬರು ಮನುಷ್ಯರನ್ನು ಹೋಲಿಸಿದರೂ ಸಲೀಸಾಗಿ ಹೊಂದುವುದಿಲ್ಲ. ಒಂಟಿ ಅಕ್ಷರದ ಲೆಕ್ಕ ಹೆಚ್ಚು ಕದಲಿಲ್ಲ. ಬ್ಲಾಸ್ಟ್‌ನ 'ಪರ್ಸೆಂಟ್ ಐಡೆಂಟಿಟಿ' ಮತ್ತು 'ಕ್ವೆರಿ ಕವರ್' ಎಂಬ ಎರಡು ಕಂಬಗಳ ನಡುವಿನ ಅದೇ ಜಗಳ, ಇಡೀ ಜೀನೋಮಿನ ಗಾತ್ರದಲ್ಲಿ.

ಲ್ಯಾಬಿನಲ್ಲಿ ದಿನನಿತ್ಯ ಕೆಡುವ ವಿಷಯಗಳು ಇನ್ನು ಕೆಲವು. ಹಿನ್ನೆಲೆಯಲ್ಲಿ ನುಡಿ ತಂತ್ರಾಂಶ ಚಾಲೂ ಇದ್ದರೆ ಪಿ99999 ಎಂದು ಒತ್ತಿದ ಕಡೆ ಕನ್ನಡ ಅಕ್ಷರ ಮೂಡುತ್ತದೆ. ಬ್ಲಾಸ್ಟ್ ತಪ್ಪು ಸೂಚನೆ ಕೊಡುತ್ತದೆ, ಯಾಕೆಂದು ಹೇಳುವುದಿಲ್ಲ. ಅಕ್ಷರಸಾಲುಗಳನ್ನು ವರ್ಡ್ ಕಡತದಲ್ಲಿ ಇಟ್ಟುಕೊಳ್ಳಬೇಡಿ, ನೋಟ್‌ಪ್ಯಾಡ್ ಸಾಕು. ಅಕ್ಷರಸಾಲುಗಳನ್ನು ಬರೆದಿಡುವ ಫಾಸ್ಟಾ ಎಂಬ ಮಾದರಿಯಲ್ಲಿ ಮೊದಲ ಸಾಲು '>' ಚಿಹ್ನೆಯಿಂದ ಆರಂಭವಾಗಿ ಹೆಸರು ಮಾತ್ರ ಇರಬೇಕು, ಅಕ್ಷರಗಳು ಎರಡನೆಯ ಸಾಲಿನಿಂದ. ವರ್ಡ್‌ನಿಂದ ನಕಲಿಸುವಾಗ ಆ ಎರಡು ಸಾಲು ಕೂಡಿಕೊಂಡರೆ ಪ್ರೋಟೀನ್ ಪೂರ್ತಿ ಹೆಸರಿನೊಳಗೆ ನುಂಗಿಹೋಗುತ್ತದೆ, 'ಖಾಲಿ ಸಾಲು' ಎಂಬ ದೂರು ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್, ಕೇಬಲ್ ಎರಡನ್ನೂ ನೆಚ್ಚಿಕೊಳ್ಳುವಂತಿಲ್ಲ. ಆ ತಿಂಗಳುಗಳಿಗೆ ಬ್ಲಾಸ್ಟ್‌ನ ಕಂಪ್ಯೂಟರಿನಲ್ಲೇ ಹಾಕಿಕೊಳ್ಳುವ ಆವೃತ್ತಿಯನ್ನು ಬೇಸಿಗೆಯಲ್ಲೇ ಇಳಿಸಿಟ್ಟುಕೊಳ್ಳಿ. ವಿಂಡೋಸ್, ಲಿನಕ್ಸ್ ಎರಡಕ್ಕೂ ಪುಕ್ಕಟೆ. ಕಮಾಂಡ್ ಬರೆದು ನಡೆಸಬೇಕು ಎಂಬುದಷ್ಟೇ ಕಿರಿಕಿರಿ. ಪೆನ್ ಡ್ರೈವಿನಲ್ಲಿ ಸೈಟೋಕ್ರೋಮ್ ಸಿ ಮೂರು, ಹಿಮೋಗ್ಲೋಬಿನ್ ಬೀಟಾ ಮೂರು, ಫಾಕ್ಸ್‌ಪಿ2 ಎರಡು, ಮೈಟೊಕಾಂಡ್ರಿಯ ಎರಡು, ಬೆಸುಗೆಯ ಎರಡು ಸಾವಿರ ಅಕ್ಷರ, ಒಟ್ಟು ಹನ್ನೊಂದು ಪಠ್ಯ ಕಡತ. ಎಲ್ಲ ಸೇರಿ ಒಂದು ಎಂಬಿ ಕೂಡ ಆಗುವುದಿಲ್ಲ. ಸಾಂತಾ ಕ್ರೂಜ್ ಬ್ರೌಸರಿಗೆ ಅಂಥ ಬದಲಿ ಸುಲಭವಿಲ್ಲ, ಎಚ್‌ಎಆರ್1 ಮತ್ತು ಯುಒಎಕ್ಸ್ ಪುಟಗಳನ್ನು 'ಪಿಡಿಎಫ್' ಆಗಿ ಉಳಿಸಿ ಪ್ರಿಂಟ್ ತೆಗೆದಿಡುವುದೇ ದಾರಿ.

ಅಂಕ ಕೊಡುವುದಾದರೆ ಬ್ಲಾಸ್ಟ್‌ಗೆ 5ಕ್ಕೆ 4. 'ಪಾಸಿಟಿವ್ಸ್' ಗೊಂದಲಕ್ಕೂ ನಿಧಾನದ ಸಾಲಿಗೂ ಒಂದು ಕಳೆದದ್ದು. ಸಾಂತಾ ಕ್ರೂಜ್‌ಗೆ ಬಿಎಸ್ಸಿಯವರ ಕೈಯಲ್ಲಿ 4.5, ಪಿಯುಸಿಯವರ ಕೈಯಲ್ಲಿ 3, ಅದೂ ಶಿಕ್ಷಕರು ಪ್ರೊಜೆಕ್ಟರ್‌ನಲ್ಲಿ ತಾವೇ ನಡೆಸಿ ತೋರಿಸಿದರೆ. ಎನ್‌ಸೆಂಬಲ್‌ಗೆ 3. ರೆಕಾರ್ಡ್ ಬುಕ್ಕಿನಲ್ಲಿ ಪ್ರತಿ ಹೋಲಿಕೆಗೆ ಐದು ಕಂಬ ಎಳೆಸಿ: ಯಾವ ತುಂಡು, ಎಷ್ಟು ಉದ್ದ, ಎಷ್ಟು ಭಾಗ ಹೊಂದಿತು, ಹೊಂದಿದ್ದರಲ್ಲಿ ಎಷ್ಟು ಒಂದೇ, ಯಾವ ಸ್ಥಾನದಲ್ಲಿ ಬೇರೆ. ಮೂರನೆಯ ಕಂಬ ಖಾಲಿ ಬಿಟ್ಟವರಿಗೆ ಸಹಿ ಹಾಕಬೇಡಿ.